ಸೆವ್ರಿನಾ ಅಕ್ಕೋರ ಪ್ರಾರ್ಥನೆ

ಅಮದಳ್ಳಿಯ ಸೆವ್ರಿನಾ ಅಕ್ಕೋರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಊರಿನ ಕ್ರೈಸ್ತರ ಮನೆಗಳಲ್ಲಿ ಸಂಜೆ ಮಣಿ ಎಣಿಸುತ್ತ ಹೇಳುವ ಜಪಸರಕ್ಕೆ ಅವರದೇ ಮುಂದಾಳತ್ವ. ಜಪ ಮುಗಿದ ಮೇಲೆ ಅವರು ಸ್ವಂತ ಮಾತಿನಲ್ಲಿ ದೇವರನ್ನು ಬೇಡಿಕೊಳ್ಳುವಾಗ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಇಗರ್ಜಿಯ ಮುಂದಿನ ಬೆಂಚು ಅವರದು. ಉಪವಾಸ ತಪ್ಪಿಸಿದವರಲ್ಲ, ಅದನ್ನು ಹೇಳಿಕೊಳ್ಳುವುದನ್ನೂ ತಪ್ಪಿಸಿದವರಲ್ಲ.

ಅವರ ಒಬ್ಬನೇ ತಮ್ಮ ಸಾಂತಾನ ಕುಡುಕ. ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಾಗ ಹತ್ತಿದ ಚಟ. ಕಾರವಾರದ ಬೈತಖೋಲ ಬಂದರಿನಲ್ಲಿ ಹರಿದ ಬಲೆ ಸರಿಮಾಡಿಕೊಂಡು, ಮೀನು ಮಾರುವ ನೀಲಾಳ ಜಗಲಿಯಲ್ಲಿ ಮಲಗುತ್ತಿದ್ದ.

ಮಳೆಗಾಲ ಮುಗಿಯುತ್ತಿದ್ದ ಒಂದು ಸಂಜೆ ಸಾಂತಾನ ಅಕ್ಕನ ಮನೆಗೆ ಬಂದ. ಒಳಗೆ ಜಪಸರ ನಡೆದಿತ್ತು. ಒಗೆದ ಅಂಗಿ ಹಾಕಿದ್ದ, ತಲೆ ಬಾಚಿದ್ದ. ಸದ್ದು ಮಾಡದೆ ಹೊಸ್ತಿಲ ಬಳಿ ಮಂಡಿಯೂರಿದ. ಅಕ್ಕೋರು ಅವನನ್ನು ನೋಡಿದರು. ನೋಡಿಯೇ ಪ್ರಾರ್ಥನೆಯನ್ನು ಬೆಳೆಸಿದರು.

“ಸ್ವಾಮಿ, ಕುಡಿದು ಮನೆತನದ ಮಾನ ಕಳೆದವರ ಹಾಗೆ ನಮ್ಮನ್ನು ಮಾಡಲಿಲ್ಲ, ನಿನಗೆ ಸ್ತೋತ್ರ. ಹೊಸ್ತಿಲಲ್ಲಿ ಕೂತವರಿಗೂ ಬುದ್ಧಿ ಕೊಡು.”

ಎಲ್ಲರೂ ಆಮೆನ್ ಎಂದರು. ಸಾಂತಾನನೂ ಅಂದ. ಅಕ್ಕೋರು ಎದ್ದು ಮೇಣದ ಬತ್ತಿ ಆರಿಸುವಾಗ ಹೊಸ್ತಿಲು ಖಾಲಿಯಾಗಿತ್ತು. ನಾಟಬೇಕಾದಲ್ಲಿ ನಾಟಿತು ಎಂದು ಅವರಿಗೆ ಒಳಗೊಳಗೇ ಸಮಾಧಾನವಾಯಿತು.

ಕ್ರಿಸ್ಮಸ್ ಹತ್ತಿರವಾದಾಗ ಒಂದು ಮಧ್ಯಾಹ್ನ ನೀಲಾ ಫೋನು ಮಾಡಿದಳು. ಸಾಂತಾನನಿಗೆ ಕಾಮಾಲೆ ಏರಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಅಕ್ಕ ಅಕ್ಕ ಅಂತಿದ್ದಾನೆ ಎಂದಳು. ಆ ಸಂಜೆ ಅಕ್ಕೋರಿಗೆ ಪಕ್ಕದ ಕೇರಿಯಲ್ಲಿ ಜಪಸರವಿತ್ತು. ಅವನಿಗಾಗಿಯೇ ಬೇಡಿಕೊಳ್ಳುತ್ತೇನೆ, ಬೆಳಿಗ್ಗೆ ಬರುತ್ತೇನೆ ಎಂದರು. ಬೇಡಿಕೊಂಡರು ಕೂಡ, ಬಹಳ ಚೆನ್ನಾಗಿ. ಮರುದಿನ ಬಸ್ಸಿಳಿದು ವಾರ್ಡಿಗೆ ಹೋದರೆ ಮಂಚದ ಹಾಸಿಗೆಯನ್ನು ಸುತ್ತಿಟ್ಟಿದ್ದರು.

ನೀಲಾ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಕೊನೆಗೆ ಏನಾದರೂ ಹೇಳಿದನೇ ಎಂದು ಅಕ್ಕೋರು ಕೇಳಿದರು.

“ಎಂತ ಹೇಳೂದು ಅಕ್ಕೋರೇ. ದಿನಾ ಹೇಳೂದೇ. ದೇವ್ರೇ, ನಾ ಪಾಪಿ, ಕರುಣೆ ಇಡು. ಅಷ್ಟೇ ಬತ್ತಿತ್ತು ಅವಂಗೆ.” ಸೆರಗಿನಿಂದ ಮೂಗೊರೆಸಿಕೊಂಡು ಮೆಲ್ಲಗೆ ಸೇರಿಸಿದಳು. “ಆ ಸಂಜೆ ನಿಮ್ಮಲ್ಲಿ ಬಂದಾಗ ಕುಡಿಯೂದು ಬಿಟ್ಟು ತಿಂಗಳ ಮೇಲಾಗಿತ್ತು. ಅಕ್ಕಂಗೆ ಹೇಳಿ ಬತ್ತೆ ಅಂದ್ಕಂಡೇ ಹೋಗಿದ್ದ.”

ಮರಳಿ ಬಂದ ಮೇಲೆ ಏನು ಮಾಡಿದ ಎಂದು ಕೇಳುವ ಧೈರ್ಯ ಅಕ್ಕೋರಿಗಾಗಲಿಲ್ಲ.

ಸಾಂತಾನ ತೀರಿಕೊಂಡು ತಿಂಗಳಾದಾಗ ಅವನ ಹೆಸರಿನಲ್ಲಿ ನಡೆದ ಪೂಜೆಯಲ್ಲಿ ಪಾದ್ರಿಗಳು, ದೇವಾಲಯಕ್ಕೆ ಹೋದ ಇಬ್ಬರ ಕಥೆ ಹೇಳಿದರು: ತನ್ನ ಪುಣ್ಯವನ್ನು ದೇವರ ಮುಂದೆ ಹರವಿದವನೊಬ್ಬ, ದೂರ ನಿಂತು ನಾನು ಪಾಪಿ ಎಂದು ಎದೆ ಬಡಿದುಕೊಂಡವನೊಬ್ಬ; ದೇವರು ಮೆಚ್ಚಿದ್ದು ಎರಡನೆಯವನನ್ನು. ಅಕ್ಕೋರು ಮಕ್ಕಳಿಗೆ ವರ್ಷವೂ ಕಲಿಸಿದ ಕಥೆ ಅದು. ಆ ಮೊದಲನೆಯವನ ಜಾಗದಲ್ಲಿ ಅವರು ಯಾವಾಗಲೂ ಬೇರೆ ಯಾರನ್ನಾದರೂ ನೆನೆಯುತ್ತಿದ್ದರು. ಅಂದು ತಲೆ ಎತ್ತಲಾಗಲಿಲ್ಲ.

ಆಮೇಲೆ ಅವರು ಜಪಸರ ನಡೆಸಲಿಲ್ಲ. ಇಗರ್ಜಿಯಲ್ಲಿ ಹಿಂದಿನ ಬೆಂಚಿಗೆ ಹೋದರು. ಅಕ್ಕೋರು ಎಷ್ಟು ವಿನಯವಂತರಾಗಿದ್ದಾರೆ ಎಂದು ಹೆಂಗಸರು ಮೆಚ್ಚಿಕೊಂಡದ್ದು ಕಿವಿಗೆ ಬಿದ್ದಾಗ ಅವರಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಈಗ ಭಾನುವಾರ ಪೂಜೆ ಮುಗಿಸಿ ಬೈತಖೋಲಕ್ಕೆ ಹೋಗುತ್ತಾರೆ. ನೀಲಾ ಚಹಾ ಕೊಡುತ್ತಾಳೆ. ಮಾತು ಕಡಿಮೆ. ಒಮ್ಮೆ ಮಾತ್ರ, ಲೋಟ ಕೆಳಗಿಟ್ಟು, ಅವನಿಗೆ ನನ್ನ ಮೇಲೆ ಸಿಟ್ಟಿತ್ತೇ ಎಂದು ಅಕ್ಕೋರು ಕೇಳಿದರು. ಇತ್ತು ಎಂದುಬಿಡಲಿ ಎಂದು ಅವರ ಜೀವ ಹಂಬಲಿಸುತ್ತಿತ್ತು.

“ಇಲ್ಲ ಅಕ್ಕೋರೇ,” ಎಂದಳು ನೀಲಾ. “ದೇವ್ರ ಹತ್ರ ನಿಮ್ಮ ಹೆಸ್ರು ಹೇಳಿಯೂ ಬೇಡ್ಕಂತಿದ್ದ.”