ನೇರಳೆ ಹೂವಿನ ಮಸಿಬಟ್ಟೆ

ಸಾಲಿಗ್ರಾಮದ ಸುನಂದಮ್ಮನ ಅಡುಗೆಮನೆಯಲ್ಲಿ, ಒಲೆ ಪಕ್ಕದ ಮೊಳೆಗೆ ಸದಾ ಒಂದು ಮಸಿಬಟ್ಟೆ ನೇತಾಡುತ್ತಿತ್ತು. ಬಿಸಿ ಪಾತ್ರೆ ಇಳಿಸಲು ಅದೇ, ಚೆಲ್ಲಿದ ಸಾರು ಒರೆಸಲು ಅದೇ, ಒಲೆಕಟ್ಟೆ ತೊಳೆಯಲೂ ಅದೇ. ಮನೆಮಂದಿಗೆಲ್ಲ ಬೇಕು, ಆದರೆ ಅದನ್ನು ಕಣ್ಣೆತ್ತಿ ನೋಡುವವರು ಯಾರು? ಸುನಂದಮ್ಮ ನಂಬಿಕೊಂಡದ್ದು ಇದನ್ನೇ.

ತೊಂಬತ್ತಾರನೇ ಇಸವಿಯಲ್ಲಿ ಅವಳ ಮಗಳು ರಾಧಾ ಜ್ವರ ಬಂದು ತೀರಿಕೊಂಡಳು. ಹನ್ನೊಂದು ವರ್ಷದ ಹುಡುಗಿ. ಹೋದವರ ಬಟ್ಟೆ ಮನೆಯಲ್ಲಿದ್ದರೆ ಜೀವ ಹೊಸಿಲು ದಾಟುವುದಿಲ್ಲ ಎಂದು ಆ ಮನೆಯವರ ನಂಬಿಕೆ. ಅತ್ತೆ ಸಣ್ಣತಾಯಮ್ಮ ಟ್ರಂಕು ಜಾಲಾಡಿ, ಒಂದು ರಿಬ್ಬನ್ನೂ ಬಿಡದೆ ಗಂಟು ಕಟ್ಟಿ ಕಾವೇರಿಗೆ ಬಿಡಿಸಿದಳು. ಹೆತ್ತವಳಿಗೊಂದು ಚೂರು ಬೇಡವೇ ಎಂದು ಒಬ್ಬರಾದರೂ ಕೇಳಬಾರದೆ? ಯಾರೂ ಕೇಳಲಿಲ್ಲ. ಗಂಟು ಕಟ್ಟುವ ಮೊದಲೇ ಸುನಂದಮ್ಮ ರಾಧಾಳ ನೇರಳೆ ಹೂವಿನ ಲಂಗದ ಒಂದು ಮಗ್ಗುಲು ಹರಿದು, ಒಲೆಯ ಮಸಿಗೆ ಉಜ್ಜಿ, ಮೊಳೆಗೆ ತಗುಲಿಸಿದ್ದಳು.

ಬಟ್ಟೆಯೇನೋ ಉಳಿಯಿತು. ಆದರೆ ಬಳಸದೆ ಬಿಟ್ಟರೆ ಅತ್ತೆಗೆ ಅನುಮಾನ ಬಾರದೆ ಇರುತ್ತದೆಯೇ? ದಿನವೂ ಅದರಲ್ಲೇ ಪಾತ್ರೆ ಹಿಡಿದಳು, ಒಲೆ ಒರೆಸಿದಳು. ತೊಳೆಯುವಾಗ ಮಾತ್ರ ಕಲ್ಲಿಗೆ ಬಡಿಯದೆ, ಕೂಸಿಗೆ ನೀರು ಹಾಕಿದ ಹಾಗೆ ಬೋಗುಣಿಯಲ್ಲಿ ಮೆಲ್ಲಗೆ ಅದ್ದುತ್ತಿದ್ದಳು. ಅತ್ತೆ ಮನೆಯಲ್ಲಿಲ್ಲದಾಗ ಸೆರಗಿನಲ್ಲಿ ಪಾತ್ರೆ ಇಳಿಸಿ ಬೆರಳು ಸುಟ್ಟುಕೊಂಡದ್ದೂ ಉಂಟು. ಏನು ಮಾಡಿದರೂ ಹೂವುಗಳು ಮಾಸುತ್ತಾ ಹೋದವು. ಮಗಳನ್ನು ನನ್ನ ಕೈಯಾರೆ ಒರೆಸಿ ಹಾಕುತ್ತಿದ್ದೇನಲ್ಲ ಎಂದುಕೊಳ್ಳುತ್ತಿದ್ದಳು.

ನಾಲ್ಕನೇ ವರ್ಷ, ಹಿಟ್ಟಿನ ಪಾತ್ರೆ ಇಳಿಸುವಾಗ ಬಟ್ಟೆ ನಡುವೆ ಬಿರಿಯಿತು. ನೋಡುತ್ತಿದ್ದ ಸಣ್ಣತಾಯಮ್ಮ ಒಳಗೆ ಹೋಗಿ, ತನ್ನ ಹಳೇ ಸೀರೆಯ ತುಂಡೊಂದನ್ನು ತಂದು ಸೊಸೆಯ ಕೈಗಿಟ್ಟಳು.

"ಇನ್ಮೇಲೆ ಇದ್ರಲ್ಲಿ ಇಳ್ಸವ್ವ. ಅದ್ನ ಎತ್ತಿಟ್ಕೊ."

ಸುನಂದಮ್ಮ ಬಿರಿದ ಬಟ್ಟೆಯನ್ನು ಮುಷ್ಟಿಯಲ್ಲಿ ಅವುಚಿಕೊಂಡಳು. "ನಿಮ್ಗೆ ಗೊತ್ತಿತ್ತಾ ಅತ್ತೆ?"

"ಗಂಟು ಕಟ್ವಾಗ್ಲೇ ಗೊತ್ತಾಯ್ತು ಕಣವ್ವ. ಲಂಗದಲ್ಲಿ ಒಂದು ಮಗ್ಗುಲೇ ಇರ್ಲಿಲ್ಲ. ಎಲ್ಲಾನೂ ಒಳೆಗೆ ಬುಡಿ ಅಂದೋಳು ನಾನೇ, ಇನ್ಯಾವ ಬಾಯಲ್ಲಿ ಇದ್ನ ಇಟ್ಕೊ ಅನ್ಲಿ? ನೋಡ್ದಂಗೆ ಇದ್ಬುಟ್ಟೆ."

"ಒಂದ್ ಮಾತು ಏಳ್ಬಾರ್ದಿತ್ತಾ? ನಿಮ್ಗೆ ಎದ್ರಿಕೊಂಡು ಇದ್ರಲ್ಲಿ ಒಲೆ ಒರ್ಸ್ದೆ ನಾನು."

ಸುನಂದಮ್ಮ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಈ ಅಂಚಿನಿಂದ ಆ ಅಂಚಿನವರೆಗೆ ಹುಡುಕಿದಳು. ಒಂದು ಹೂವೂ ಉಳಿದಿರಲಿಲ್ಲ.