ಸರಿ ಎನ್ನದ ಮೇಷ್ಟರು

'ಸರಿ' ಎಂಬ ಪದವನ್ನು ನಾನು ಬಲು ಜಿಪುಣತನದಿಂದ ಬಳಸುತ್ತೇನೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಬಾಡಿಗೆ ಕೋಣೆಯೊಂದರಲ್ಲಿ ಹತ್ತನೆಯ ತರಗತಿಯವರಿಗೆ ಗಣಿತದ ಟ್ಯೂಷನ್ ಹೇಳುವುದು ನನ್ನ ಉದ್ಯೋಗ. ಮಕ್ಕಳು ಲೆಕ್ಕ ಮುಗಿಸಿ, "ಸರಿ ಐತೇನ್ರಿ ಸರ್?" ಎಂದು ನನ್ನ ಮುಖ ನೋಡುತ್ತಾರೆ. ನಾನು ಮುಖದಲ್ಲಿ ಯಾವ ಸುಳಿವನ್ನೂ ಕೊಡದೆ, "ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡು. ಎರಡೂ ಕಡೆ ಸಮ ಬಂದರೆ ಅದೇ ಹೇಳುತ್ತದೆ" ಎನ್ನುತ್ತೇನೆ. ತಾಳೆ ನೋಡುವುದೆಂದರೆ ಇಷ್ಟೇ.

ಇದು ಶಿಕ್ಷಣಶಾಸ್ತ್ರದ ಯಾವುದೋ ಸಿದ್ಧಾಂತದಿಂದ ಹುಟ್ಟಿದ ವಿಧಾನವೆಂದು ಹೇಳಿಕೊಳ್ಳಲು ನನಗೂ ಆಸೆ. ವಾಸ್ತವದಲ್ಲಿ ಇದು ಹುಟ್ಟಿದ್ದು ಹರಿಹರದ ನಮ್ಮ ಮನೆಯ ಅನನುಕೂಲದಿಂದ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವನು ನಾನೊಬ್ಬನೇ. ನನ್ನ ಬೀಜಗಣಿತ ನೋಡಿ ತಪ್ಪು ಒಪ್ಪು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಕಾರ್ಖಾನೆಯಿಂದ ಬಂದ ಅಪ್ಪ ಕೈಕಾಲು ತೊಳೆಯುತ್ತ, "ಲೆಕ್ಕ ಆತೇನಲೇ?" ಎನ್ನುವರು. ಆಯಿತೆಂದರೆ, "ಆತು ಅಂತ ಯಾರು ಹೇಳಿದ್ರು?" ಎನ್ನುವರು. ಹೇಳುವವರಿಲ್ಲದ ಮನೆಯಲ್ಲಿ ಸಮೀಕರಣವನ್ನೇ ಕೇಳಬೇಕಾಯಿತು. ನಮ್ಮ ಪ್ರಾಚೀನ ಗಣಿತಜ್ಞರೂ ಲೆಕ್ಕದ ಕೊನೆಗೆ ಉತ್ತರವನ್ನು ಹೀಗೆ ಪರೀಕ್ಷಿಸುತ್ತಿದ್ದರೆಂದು ಮುಂದೊಮ್ಮೆ ಓದಿದಾಗ, ನನ್ನ ಬಡ ಉಪಾಯಕ್ಕೆ ಗೋತ್ರ ಪ್ರವರಗಳೆರಡೂ ಸಿಕ್ಕಂತಾಯಿತು. ಅಂದಿನಿಂದ ಪೋಷಕರೆದುರು 'ಪರಂಪರಾಗತ ವಿಧಾನ' ಎಂದು, ಉಚ್ಚಾರಣೆ ತಪ್ಪದಂತೆ ಎಚ್ಚರವಹಿಸಿ, ಹೇಳುತ್ತ ಬಂದಿದ್ದೇನೆ.

ಸಹನಾ ಎಂಬ ವಿದ್ಯಾರ್ಥಿನಿಯ ತಾಯಿ ರೇಣುಕಮ್ಮನವರ ಮುಂದೆ ಮಾತ್ರ ಈ ಮಾತು ನಡೆಯಲಿಲ್ಲ. ಒಂದು ಸಂಜೆ ಅವರು ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆಯೇ ಒಳಬಂದರು.

"ಏನ್ ಸರ್, ಹುಡುಗಿ ಎಷ್ಟು ಕೇಳಿದ್ರೂ ನೀವು ಸರಿ ಅನ್ನಲ್ಲ, ತಪ್ಪು ಅನ್ನಲ್ಲ. ಮೇಷ್ಟ್ರಿಗಾದ್ರೂ ಬರುತ್ತೋ ಇಲ್ಲೋ ಅಂತ ನಮ್ಮನೆಯವ್ರು ಕೇಳ್ತಾರೆ."

"ಇದು ಪರಂಪರಾಗತ..."

"ಅದೆಲ್ಲ ಇರ್ಲಿ ಬಿಡ್ರಿ. ಪ್ರಿಪರೇಟ್ರಿ ಪರೀಕ್ಷೆ ಹೆಂಗೆ ಮಾಡ್ತಾಳೋ ನೋಡ್ತೀವಿ. ಆಗ್ಲಿಲ್ಲಂದ್ರೆ ಬ್ಯಾರೆ ಕಡೆ ಹಾಕ್ತೀವಿ. ಬೇಜಾರ್ ಮಾಡ್ಕಬ್ಯಾಡ್ರಿ."

ಬೇಜಾರಿಗಿಂತ ಭಯವೇ ಹೆಚ್ಚಾಯಿತು. ಸಹನಾ ಬಿಟ್ಟರೆ ಅವಳೊಡನೆ ಬರುವ ಗೆಳತಿಯರೂ ಬಿಡುತ್ತಾರೆ. ಅದಕ್ಕಿಂತ ಮಿಗಿಲಾಗಿ, ಮುಖ್ಯ ಪರೀಕ್ಷೆ ಇಷ್ಟು ಹತ್ತಿರವಿರುವಾಗ ಹುಡುಗಿಯನ್ನು ದಾರಿ ತಪ್ಪಿಸಿದವನು ನಾನೇ ಆಗಿದ್ದರೆ? ಅಲ್ಲಿಂದ ಮುಂದೆ ಅವಳು ಲೆಕ್ಕ ಮುಗಿಸಿ ತಲೆಯೆತ್ತಿದಾಗಲೆಲ್ಲ 'ಸರಿ' ಎಂಬುದು ನನ್ನ ನಾಲಿಗೆಯ ತುದಿಗೆ ಬಂದು ಕೂತಿರುತ್ತಿತ್ತು. ಅದನ್ನು ಚಹದೊಂದಿಗೆ ನುಂಗುತ್ತಿದ್ದೆ.

ಪ್ರಿಪರೇಟರಿಯ ಗಣಿತ ಪರೀಕ್ಷೆ ಮುಗಿದ ಸಂಜೆ ತಾಯಿ ಮಗಳಿಬ್ಬರೂ ಬಂದರು. ನಾನು ಪ್ರಶ್ನೆಪತ್ರಿಕೆಯನ್ನು ಬಹುತೇಕ ಕಸಿದುಕೊಂಡು, ಒಂದೊಂದೇ ಲೆಕ್ಕದ ಉತ್ತರ ಕೇಳತೊಡಗಿದೆ.

"ಒಂದು ತಪ್ಪಾಗಿತ್ತು ಸರ್. ಹಾಕಿ ನೋಡಿದೆ, ಸಮ ಬರ್ಲಿಲ್ಲ. ಹೊಡೆದುಹಾಕಿ ಮತ್ತೆ ಮಾಡಿದೆ. ಉಳಿದವೆಲ್ಲ ಬಂದಾವೆ" ಎಂದಳು ಸಹನಾ. ಆದರೂ ನಾನು ಕೇಳುತ್ತಲೇ ಇದ್ದುದನ್ನು ಕಂಡು, "ಯಾಕ್ರಿ ಸರ್, ನಿಮಗೆ ಹೆದ್ರಿಕೆ ಆಗೈತೇನು?" ಎಂದಳು.

ರೇಣುಕಮ್ಮ ನಕ್ಕುಬಿಟ್ಟರು. "ಮನ್ಯಾಗೂ ಇದೇ ಆಟ ಸರ್. ಸಾರಿಗೆ ಉಪ್ಪು ಸರಿ ಐತೇನೇ ಅಂದ್ರೆ, ನೀನೇ ಉಂಡು ನೋಡು ಅಂತಾಳೆ. ಮೊದ್ಲು ಪರೀಕ್ಷೆ ಮುಗಿಸಿ ಬಂದ್ಲು ಅಂದ್ರೆ ಏನಾತೋ ಅಂತ ಅಳೋಳು. ಈಗ ಯಾವ್ದು ಸರಿ, ಯಾವ್ದು ತಪ್ಪು ಅಂತ ತಾನೇ ಹೇಳ್ತಾಳೆ. ಇನ್ನು ಮಾರ್ಕ್ಸ್ ಬರೋತಂಕ ಯಾಕ ಕಾಯೋದು? ಇಲ್ಲೇ ಇರ್ಲಿ ಬಿಡ್ರಿ."

ಅಷ್ಟಕ್ಕೆ ನಾನು ಸುಮ್ಮನಾಗಬಹುದಿತ್ತು. ಆದರೆ ಅಂಜುವ ಮನಸ್ಸಿಗೆ ಮೊಹರು ಬೇಕು. "ಹಾಗಾದರೆ ನನ್ನ ವಿಧಾನ ಸರಿಯಾಗಿದೆಯೆಂದು ತಮ್ಮ ಅಭಿಪ್ರಾಯವೇ?" ಎಂದು ಪೂರ್ಣ ವ್ಯಾಕರಣಸಮೇತ ಕೇಳಿಬಿಟ್ಟೆ.

ಅವರು ಸ್ಕೂಟರ್ ಹತ್ತುತ್ತ, "ಅದ್ನ ಈಗ್ಲೇ ಹೆಂಗ್ರಿ ಹೇಳೋದು? ಬರೋ ವರ್ಷ ಇವಳ ತಂಗೀನೂ ಕಳಿಸ್ತೀವಿ. ಆಮ್ಯಾಲೆ ನೋಡಾಣಂತೆ" ಎಂದರು.

ಒಂದು ಲೆಕ್ಕ ಕೂಡಿ ಬಂದ ಮಾತ್ರಕ್ಕೆ ವಿಧಾನವೇ ಸರಿಯೆಂದು ಸಾಧಿಸಿದಂತಾಗದು ಎಂಬುದನ್ನು ಅದೇ ಕೋಣೆಯಲ್ಲಿ ನಾನೇ ಬೋಧಿಸುತ್ತೇನೆ. ಆದ್ದರಿಂದ ಅವರ ಉತ್ತರದಲ್ಲಿ ಯಾವ ತಪ್ಪನ್ನೂ ಹುಡುಕಲು ನನಗೆ ಸಾಧ್ಯವಾಗಲಿಲ್ಲ.