ಇಜೆಕ್ಟ್ ಮಾಡದೆ ಕಿತ್ತ ಪೆನ್‌ಡ್ರೈವ್

ಹೋದ ವಾರ ನನ್ನ ಒಂಬತ್ತು ವರ್ಷಗಳನ್ನು ನಾನೇ ಕೈಯಾರೆ ಕಿತ್ತು ಹಾಕಿದೆ. ಉತ್ಪ್ರೇಕ್ಷೆ ಅಲ್ಲ, ಕೇಳಿ.

ಉಳ್ಳಾಲದ ಹಮೀದಾಕ, ಅಂದರೆ ನಮ್ಮ ಹಮೀದಣ್ಣ, ಊರಿಗೆ ಹೊರಟಿದ್ದರು. ವೀಸಾ ಕ್ಯಾನ್ಸಲ್, ಇನ್ನು ವಾಪಸ್ ಬರುವ ಮಾತಿಲ್ಲ. ನನಗೆ ಮದುವೆಯಾಗುವ ತನಕ, ಅಬುಧಾಬಿಯ ಖಾಲಿದಿಯಾದಲ್ಲಿ ನಾವಿಬ್ಬರೂ ಒಂಬತ್ತು ವರ್ಷ ಒಂದೇ ರೂಮಿನಲ್ಲಿದ್ದವರು.

ಎಂಥ ದಿನಗಳು ಅವು! ಶುಕ್ರವಾರ ಅಲ್ ಮೀನಾದ ಮೀನು ಮಾರ್ಕೆಟ್ಟಿಗೆ ಹೋಗಿ ಬಂಗುಡೆ ತರುವುದು. ಅವರು ಮಸಾಲೆ ಅರೆದರೆ ನಾನು ಎಣ್ಣೆಯಲ್ಲಿ ಕಾಯಿಸುವುದು (ಅಂದರೆ ಕರಟಿಸುವುದು). ಕ್ರಿಸ್ಮಸ್‌ಗೆ ನನ್ನ ಜೊತೆ ಕೂತು ನೆವ್ರಿ, ಅಂದರೆ ನಮ್ಮ ಕರ್ಜಿಕಾಯಿ, ಮಡಚುತ್ತಿದ್ದರು. ಅವರ ಉಪವಾಸದ ತಿಂಗಳಲ್ಲಿ ಸಂಜೆಯ ಹಣ್ಣು ಹೆಚ್ಚುವ ಕೆಲಸ ನನ್ನದು. ಆ ಫೋಟೋಗಳೆಲ್ಲ ಇದ್ದದ್ದು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಮಾತ್ರ.

"ಅದೊಂದು ಪೆನ್‌ಡ್ರೈವಿಗೆ ಹಾಕಿ ಕೊಡು ಸಿರಿಲಾ. ಊರಲ್ಲಿ ಕೂತು ನೋಡ್ಲಿಕ್ಕೆ ನನಗೆ ಬೇರೆ ಎಂತ ಉಂಟು?" ಅಂದಿದ್ದರು.

ಕೊನೆಯ ದಿನದವರೆಗೂ ಕೊಡಲಿಲ್ಲ. ಹೊರಡುವ ಮೊದಲು ಅವರು ನಮ್ಮ ಮನೆಗೆ ಬಂದರು; ಟ್ಯಾಕ್ಸಿ ಕೆಳಗೆ ಬಂದು ನಿಂತಾಗಷ್ಟೇ ಕಾಪಿ ಮಾಡಿದೆ. ಪರದೆಯ ಹಸಿರು ಗೆರೆ ತುಂಬಿದ್ದೇ ತಡ, ಕಿತ್ತು ಅವರ ಕೈಗಿಟ್ಟೆ. ಅವರು ಬಾಗಿಲಲ್ಲಿ ನಿಂತು, "ಸಿರಿಲಾ, ಮತ್ತೆ..." ಎಂದು ಏನೋ ಹೇಳಹೊರಟರು.

"ಯಲ್ಲಾ, ಹೊರಡಿ ಹಮೀದಾಕ, ಫ್ಲೈಟ್ ತಪ್ತದೆ!" ಎಂದು ನಾನೇ ಅವಸರ ಮಾಡಿದೆ.

ಅದೇ ಸಂಜೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಬೇಕಾದವರೊಬ್ಬರಿಗೆ ಕೊಟ್ಟುಬಿಟ್ಟೆ. ಎರಡು ದಿನ ಬಿಟ್ಟು ಉಳ್ಳಾಲದಿಂದ ಫೋನ್. "ಇದ್ರಲ್ಲಿ ಒಂದೂ ಓಪನ್ ಆಗುದಿಲ್ಲ ಮಾರಾಯ."

ಫೋನ್ ಇಟ್ಟು ಮನೆಯಲ್ಲಿ ವಿಷಯ ಹೇಳಿದೆ. ಮಗಳು ರಿಯಾ ತಲೆಯೆತ್ತಿ ಕೇಳಿದಳು, "ಪಪ್ಪಾ, ಡಿಡ್ ಯೂ ಇಜೆಕ್ಟ್ ಇಟ್?"

ಇಲ್ಲ. ಅವಳು ಬಿಡಿಸಿ ಹೇಳಿದ್ದು ಇಷ್ಟು: ನಾವು ಕಾಪಿ ಮಾಡಿದ್ದನ್ನು ಕಂಪ್ಯೂಟರ್ ಮೊದಲು ತನ್ನ ಮೆಮೊರಿಯಲ್ಲೇ ಇಟ್ಟುಕೊಂಡು 'ಆಯ್ತು' ಅನ್ನುತ್ತದಂತೆ. ಅದಕ್ಕೆ ಕ್ಯಾಶ್ ಎಂದು ಹೆಸರು. ಡ್ರೈವಿಗೆ ನಿಜವಾಗಿ ಬರೆಯುವುದು ಆಮೇಲೆ, ನಿಧಾನಕ್ಕೆ. 'ಇಜೆಕ್ಟ್' ಒತ್ತಿದರೆ ಉಳಿದದ್ದನ್ನೆಲ್ಲ ಬರೆದು ಮುಗಿಸಿಯೇ ಬಿಡುತ್ತದೆ. ಅದಕ್ಕೆ ಮೊದಲೇ ಕಿತ್ತರೆ ಖಲಾಸ್. ಕಾಪಿ ಬೇಗ ಆಗಲಿ ಎಂದು ಸೆಟ್ಟಿಂಗ್ಸಿನಲ್ಲಿ ಆ ಕ್ಯಾಶ್ ಆನ್ ಮಾಡಿಟ್ಟ ಮಹಾನುಭಾವನೂ ನಾನೇ!

ಹಮೀದಾಕನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಹೋಗ್ಲಿ ಬಿಡು. ನೀನು ಬಂಗುಡೆ ಕರಟಿಸಿದ್ದು ನನಗೆ ನೆನಪುಂಟು," ಅಂದರು. ಸ್ವರ ಮಾತ್ರ ಸಣ್ಣದಾಗಿತ್ತು.

"ಅವತ್ತು ಬಾಗಿಲಲ್ಲಿ ಎಂತ ಹೇಳ್ಲಿಕ್ಕೆ ಹೊರಟದ್ದು ಹಮೀದಾಕ?"

"ಈಗ ಎಂತಕ್ಕೆ ಅದು? ಫೋನಲ್ಲಿ ಹೇಳುವಂಥದ್ದಲ್ಲ," ಎಂದು ನಕ್ಕರು.

ಇಜೆಕ್ಟ್ ಒತ್ತಿ ಕಾಯಲು ಬೇಕಾಗಿದ್ದದ್ದು ಹತ್ತು ಸೆಕೆಂಡ್, ಅವರ ಮಾತು ಕೇಳಲು ಇನ್ನೊಂದು ಹತ್ತು. ಒಂಬತ್ತು ವರ್ಷ ಜೊತೆಗಿದ್ದ ಮನುಷ್ಯನಿಗೆ ಅಷ್ಟು ಪುರುಸೊತ್ತೂ ನನ್ನಲ್ಲಿರಲಿಲ್ಲವೇ?